ಗಾಡಿಯ ಟೂಲ್ ಬಾಕ್ಸ್: ತಗಡು ತಟ್ಟಿ ನೋಡುವ ಮೊದಲು ಹಿಂಜ್ ಅಲ್ಲಾಡಿಸಿ ನೋಡಿ

ಪಿಕಪ್ ಗಾಡಿ ಇಟ್ಟುಕೊಂಡು ಊರೂರು ತಿರುಗಿ ಕೆಲಸ ಮಾಡುವ ನಮ್ಮಂಥವರು ಟೂಲ್ ಬಾಕ್ಸ್ ಕೊಳ್ಳಲು ಹೋದಾಗ ಮೊದಲು ಮಾಡುವುದು ಅದರ ಮೈಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವುದು. ಸದ್ದು ಗಟ್ಟಿಯಾಗಿ ಬಂದರೆ ತಗಡು ದಪ್ಪ, ತಗಡು ದಪ್ಪವಿದ್ದರೆ ಬಾಳಿಕೆ ಹೆಚ್ಚು ಎಂಬ ಲೆಕ್ಕ. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಗುಜರಿ ಅಂಗಡಿಯಲ್ಲಿ ಬಿದ್ದಿರುವ ಹಳೆಯ ಪೆಟ್ಟಿಗೆಗಳನ್ನು ಒಮ್ಮೆ ತಿರುಗಿಸಿ ನೋಡಿ: ಪಕ್ಕದ ಗೋಡೆ ತೂತಾಗಿ ಅಲ್ಲಿಗೆ ಬಂದದ್ದು ಅಪರೂಪ, ಮುಚ್ಚಳ ಕಳಚಿಕೊಂಡದ್ದು, ಚಿಲಕ ಕಿತ್ತುಬಂದದ್ದು, ಹಿಡಿಕೆ ಹರಿದದ್ದು, ತಳ ತುಕ್ಕಿಗೆ ಉದುರಿದ್ದು ಇವೇ ಹೆಚ್ಚು. ಗಾಡಿಯ ಮೇಲಿನ ಪೆಟ್ಟಿಗೆ ಕೆಡುವುದು ಜೋಡಣೆಗಳಲ್ಲಿ. ನಾವು ಹಣ ಕೊಡುವುದು ಮಾತ್ರ ತಗಡಿಗೆ.

ನನ್ನದು ಬೋರ್‌ವೆಲ್ ಮೋಟಾರ್ ಎತ್ತುವ, ಇಳಿಸುವ, ಸ್ಟಾರ್ಟರ್ ರಿಪೇರಿ ಮಾಡುವ ಕೆಲಸ. ಶಿರಾ, ಮಧುಗಿರಿ, ಪಾವಗಡ ಕಡೆಯ ತೋಟಗಳಿಗೆ ಹೋಗುವಾಗ ಡಾಂಬರು ಮುಗಿದ ಮೇಲೆಯೇ ದಾರಿಯ ಕಷ್ಟ ಶುರುವಾಗುವುದು. ಒಂದು ಟನ್ನಿಗೂ ಹೆಚ್ಚು ಭಾರ ಹೊರಲೆಂದು ಹಾಕಿರುವ ಪಿಕಪ್ಪಿನ ಕಮಾನು ಪ್ಲೇಟುಗಳು ನೂರಿನ್ನೂರು ಕಿಲೋ ಸಾಮಾನಿಗೆ ಬಾಗುವುದೇ ಇಲ್ಲವಾದ್ದರಿಂದ, ಗುಂಡಿಯ ಪ್ರತಿ ಏಟೂ ಹಿಂದೆ ಇಟ್ಟ ಪೆಟ್ಟಿಗೆಗೆ ನೇರವಾಗಿ ತಲುಪುತ್ತದೆ. ಒಳಗಿರುವ 24 ಇಂಚಿನ ಪೈಪ್ ರೆಂಚ್ ಒಂದೇ ನಾಲ್ಕು ಕಿಲೋ ಮೀರಿ ತೂಗುತ್ತದೆ. ಅದರ ಜೊತೆಗೆ ಸುತ್ತಿಗೆ, ಸ್ಪ್ಯಾನರ್ ಸೆಟ್ಟು, ಕ್ಲ್ಯಾಂಪಿನ ಬೋಲ್ಟುಗಳು ಸೇರಿ ಒಳಗಿನಿಂದಲೇ ಪೆಟ್ಟಿಗೆಯನ್ನು ಗುದ್ದುತ್ತಿರುತ್ತವೆ. ಮನೆಯ ಮೂಲೆಯಲ್ಲೋ ಗ್ಯಾರೇಜಿನ ಬೆಂಚಿನ ಮೇಲೋ ಹತ್ತಾರು ವರ್ಷ ಬಾಳುವ ಪೆಟ್ಟಿಗೆ ಗಾಡಿಗೆ ಏರಿದರೆ ಬೇಗ ಸಡಿಲವಾಗುವುದು ಇದಕ್ಕೇ.

ಸಡಿಲವಾಗುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಅಂಗಡಿಯ ಬಹುಪಾಲು ಪೆಟ್ಟಿಗೆಗಳಲ್ಲಿ ಹಿಂಜನ್ನು, ಅಂದರೆ ಮುಚ್ಚಳ ತಿರುಗುವ ಕೀಲನ್ನು, ತಗಡಿಗೆ ಕೂರಿಸಿರುವುದು ಅಲ್ಯೂಮಿನಿಯಂ ಪಾಪ್ ರಿವೆಟ್ಟಿನಿಂದ, ಅಂದರೆ ತೂತಿಗೆ ತೂರಿಸಿ ಗನ್ನಿನಿಂದ ಎಳೆದು ಬಿಗಿಯುವ ಮೊಳೆಯಿಂದ. ರಿವೆಟ್ ಮೆತ್ತಗಿನ ಲೋಹ, ತಗಡು ಗಡಸು. ಗಾಡಿ ಅದುರಿದಾಗಲೆಲ್ಲ ಮುಚ್ಚಳ ಕೂದಲೆಳೆಯಷ್ಟು ಸರಿಯುತ್ತದೆ. ತಗಡಿನ ಅಂಚು ರಿವೆಟ್ಟಿನ ಕತ್ತನ್ನು ಸವೆಸುತ್ತದೆ, ದುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ರಿವೆಟ್ಟಿನ ಸುತ್ತ ಕಪ್ಪು ಪುಡಿಯ ಉಂಗುರವೊಂದು ಕಾಣಿಸಿಕೊಂಡರೆ ಸವೆತ ಶುರುವಾಗಿದೆ ಎಂದೇ ಅರ್ಥ. ಅಲ್ಲಿ ಬಣ್ಣ ಎದ್ದು, ನೀರು ಇಳಿದು, ಎರಡು ಬೇರೆ ಬೇರೆ ಲೋಹಗಳು ಒದ್ದೆಯಲ್ಲಿ ಒಂದನ್ನೊಂದು ಮುಟ್ಟಿಕೊಂಡಿರುವುದರಿಂದ ಕೊರೆತ ಇನ್ನೂ ಬಿರುಸಾಗುತ್ತದೆ. ಆದ್ದರಿಂದ ನಾನು ಕೇಳುವುದು ಮುಚ್ಚಳದ ಉದ್ದಕ್ಕೂ ಓಡುವ ಒಂದೇ ಪಿಯಾನೋ ಹಿಂಜ್; ಅದನ್ನು ವೆಲ್ಡ್ ಮಾಡಿರಬೇಕು, ಇಲ್ಲವೇ ನೈಲಾಕ್ ನಟ್ಟು ಹಾಕಿ ಬಿಗಿದಿರಬೇಕು. ನೈಲಾಕ್ ನಟ್ಟಿನೊಳಗಿನ ನೈಲಾನ್ ಬಳೆ ಬೋಲ್ಟಿನ ಮರೆಯನ್ನು ಕಚ್ಚಿ ಹಿಡಿಯುವುದರಿಂದ ಅದುರಿಕೆಗೆ ಅದು ಬಿಚ್ಚಿಕೊಳ್ಳುವುದಿಲ್ಲ. ಅಂಗಡಿಯಲ್ಲಿ ಮುಚ್ಚಳವನ್ನು ಅರ್ಧ ತೆರೆದು, ಎರಡೂ ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಹೊಸದರಲ್ಲಿಯೇ ಅಲ್ಲಾಡುವ ಮುಚ್ಚಳ ಪಾವಗಡದವರೆಗೆ ಬರುವ ಗಿರಾಕಿಯಲ್ಲ.

ಐದು ಖಾನೆಯ, ಎರಡೂ ಕಡೆಗೆ ಮೆಟ್ಟಿಲಿನಂತೆ ಬಿಚ್ಚಿಕೊಳ್ಳುವ ತಗಡಿನ ಪೆಟ್ಟಿಗೆಯನ್ನು ಎಲೆಕ್ಟ್ರಿಷಿಯನ್ನರು ಬಹಳ ಮೆಚ್ಚುತ್ತಾರೆ. ಮನೆ ವೈರಿಂಗ್ ಕೆಲಸಕ್ಕೆ ಅದು ಒಳ್ಳೆಯದೇ. ಆದರೆ ಅದರ ಪ್ರತಿ ತೋಳಿನ ತುದಿಯಲ್ಲೂ ಒಂದೊಂದು ರಿವೆಟ್ ಇರುತ್ತದೆ, ಅಂದರೆ ಸಡಿಲವಾಗುವ ಜಾಗಗಳನ್ನೇ ನಾವು ದುಡ್ಡು ಕೊಟ್ಟು ಹೆಚ್ಚಿಸಿಕೊಂಡಂತೆ. ಗಾಡಿಗೆ ಅದು ಬೇಡ.

ಇನ್ನು ತಗಡಿನ ದಪ್ಪದ ಮಾತು. ಗೇಜ್ ಸಂಖ್ಯೆ ಇಳಿದಷ್ಟೂ ತಗಡು ದಪ್ಪ: 22 ಗೇಜ್ ಎಂದರೆ ಸುಮಾರು 0.7 ಮಿ.ಮೀ., 20 ಎಂದರೆ 0.9, 18 ಎಂದರೆ 1.2, 16 ಎಂದರೆ 1.6 ಮಿ.ಮೀ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಪೆಟ್ಟಿಗೆಗೆ ಆರೂ ಮುಖ ಸೇರಿ ಹತ್ತು ಚದರ ಅಡಿ ತಗಡು ಬೇಕು. ಒಂದು ಮಿ.ಮೀ. ದಪ್ಪದ ಕಬ್ಬಿಣದ ತಗಡು ಚದರ ಅಡಿಗೆ ಸುಮಾರು 730 ಗ್ರಾಂ ತೂಗುತ್ತದೆ. ಹಾಗಾಗಿ ಇದೇ ಪೆಟ್ಟಿಗೆಯ ಬರೀ ತಗಡು 22 ಗೇಜಿನಲ್ಲಿ ಐದು ಕಿಲೋ, 20ರಲ್ಲಿ ಆರೂವರೆ, 18ರಲ್ಲಿ ಎಂಟೂಮುಕ್ಕಾಲು, 16ರಲ್ಲಿ ಹನ್ನೊಂದೂಮುಕ್ಕಾಲು ಕಿಲೋ ಆಗುತ್ತದೆ. ಈ ಲೆಕ್ಕ ಗೊತ್ತಿದ್ದರೆ ಇನ್ನೊಂದು ಅನುಕೂಲವೂ ಉಂಟು: ಅಂಗಡಿಯವರು ಬಣ್ಣ ಬಳಿದ ಪೆಟ್ಟಿಗೆಯನ್ನು ತೋರಿಸಿ ‘ಹದಿನೆಂಟು ಗೇಜ್ ಸರ್, ಹೆವಿ ಡ್ಯೂಟಿ’ ಎಂದಾಗ ವಾದ ಮಾಡಬೇಕಾಗಿಲ್ಲ, ತಕ್ಕಡಿಯ ಮೇಲಿಟ್ಟರೆ ಸಾಕು.

ಆದರೆ ತೂಕ ಹೆಚ್ಚಿದ್ದರೆ ಒಳ್ಳೆಯದೆಂದು ಹೊರಟರೆ ಎತ್ತುವವರು ಯಾರು? ಭಾರ ಎತ್ತುವ ಬಗ್ಗೆ ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಯಾಷ್ (NIOSH) 1991ರಲ್ಲಿ ಪರಿಷ್ಕರಿಸಿದ ಸೂತ್ರವು, ಎಲ್ಲವೂ ಅನುಕೂಲಕರವಾಗಿರುವಾಗಲೂ, ಅಂದರೆ ಭಾರ ಮೈಗೆ ಹತ್ತಿರವಿದ್ದು, ಸೊಂಟ ತಿರುಚದೆ, ಎರಡೂ ಕೈಯಿಂದ ಹಿಡಿದು ಎತ್ತುವಾಗಲೂ, 23 ಕಿಲೋವನ್ನೇ ಗರಿಷ್ಠ ಮಿತಿಯಾಗಿ ಇಟ್ಟುಕೊಂಡಿದೆ. ಪಿಕಪ್ಪಿನ ಪಕ್ಕದ ಹಲಗೆಯ ಮೇಲಿಂದ ಬಗ್ಗಿ, ಕೈ ಚಾಚಿ ಎತ್ತುವಾಗ ಆ ಮಿತಿ ಇನ್ನೂ ಕೆಳಗೆ ಇಳಿಯುತ್ತದೆ. ಎಂಟೂಮುಕ್ಕಾಲು ಕಿಲೋ ಖಾಲಿ ಪೆಟ್ಟಿಗೆಗೇ ಹೋದರೆ ಸಾಮಾನಿಗೆ ಉಳಿಯುವುದೆಷ್ಟು? ನನ್ನ ಮಟ್ಟಿಗೆ 20 ಗೇಜ್ ಸಾಕು. ಅದರ ಗೋಡೆಗಳಲ್ಲಿ ಅಡ್ಡ ಏಣುಗಳನ್ನು ಒತ್ತಿ, ಬಾಯಿಯ ಅಂಚನ್ನು ಒಳಕ್ಕೆ ಮಡಿಸಿದ್ದರೆ ತೂಕ ಅಷ್ಟೇನೂ ಹೆಚ್ಚದೆ ಬಿಗಿ ಬರುತ್ತದೆ. ಹಣ ಇದ್ದವರು ಎರಡು ಮಿ.ಮೀ. ಅಲ್ಯೂಮಿನಿಯಂ ಹಾಕಿಸಬಹುದು. ಅದೇ ಅಳತೆಗೆ ತಗಡಿನ ತೂಕ ಐದು ಕಿಲೋ ಮಾತ್ರ. ಬಾಗದೆ ನಿಲ್ಲುವ ವಿಷಯದಲ್ಲಿ ಅದು 18 ಗೇಜ್ ಕಬ್ಬಿಣಕ್ಕಿಂತ ಮೇಲು. ಏಕೆಂದರೆ ದಪ್ಪ ಎರಡರಷ್ಟಾದರೆ ತಗಡಿನ ಬಿಗಿ ಎಂಟರಷ್ಟಾಗುತ್ತದೆ.

ಇದರ ಜೊತೆಗೆ ನಾನು ಒತ್ತಿ ಹೇಳುವ ಮಾತೆಂದರೆ, ದೊಡ್ಡದೊಂದರ ಬದಲು ಚಿಕ್ಕವು ಎರಡು ಇರಲಿ. ರೆಂಚು, ಸುತ್ತಿಗೆ, ಕ್ಲ್ಯಾಂಪಿನ ಸಾಮಾನು ಒಂದರಲ್ಲಿ. ಕರೆಂಟು ಅಳೆಯುವ ಟಾಂಗ್ ಟೆಸ್ಟರ್, ವೈರಿನ ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್, ಕೇಬಲ್ ಜಾಯಿಂಟಿನ ಸಾಮಾನು ಇನ್ನೊಂದರಲ್ಲಿ. ಮೀಟರುಗಳನ್ನು ಪೈಪ್ ರೆಂಚಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಹಾಕಿಕೊಂಡು ಓಡಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ನಾನು ತಳ್ಳಿಹಾಕುವವನಲ್ಲ. ಪಾಲಿಪ್ರೊಪಿಲೀನ್ ಹಗುರ, ಅದಕ್ಕೆ ತುಕ್ಕಿಲ್ಲ, ಬಿದ್ದರೆ ನೆಗ್ಗುವುದಿಲ್ಲ. ಅದರ ಶತ್ರು ಬಿಸಿಲು. ನಮ್ಮ ಬಯಲುಸೀಮೆಯಲ್ಲಿ ತೆರೆದ ಗಾಡಿಯ ಮೇಲೆ ವರ್ಷವಿಡೀ ಬಿಸಿಲಿಗೆ ಬಿದ್ದ ಬಣ್ಣದ ಪೆಟ್ಟಿಗೆಯನ್ನು ಉಗುರಿನಿಂದ ಗೀರಿದರೆ ಸುಣ್ಣದಂಥ ಬಿಳಿ ಪುಡಿ ಬರುತ್ತದೆ. ಅದಾದ ಮೇಲೆ ಚಿಲಕದ ಬುಡ ಸೀಳಲು ಹೆಚ್ಚು ಕಾಲ ಬೇಡ. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಬಣ್ಣಕ್ಕೆಂದು ಬೆರೆಸುವ ಇಂಗಾಲದ ಪುಡಿಯೇ ಬಿಸಿಲಿನ ಕಿರಣಗಳನ್ನು ಹೀರಿಕೊಳ್ಳುವುದರಿಂದ ಅದು ಹೆಚ್ಚು ದಿನ ತಡೆಯುತ್ತದೆ. ಕೊಳ್ಳುವುದಾದರೆ ಕಪ್ಪನ್ನೇ ಕೊಳ್ಳಿ. ಹಿಂಜಿನ ಕಡ್ಡಿ ಮತ್ತು ಚಿಲಕ ಲೋಹದ್ದಾಗಿರಲಿ.

ನೀರಿನ ವಿಷಯದಲ್ಲಿ ರೆಂಚಿನ ಪೆಟ್ಟಿಗೆಗೂ ಮೀಟರಿನ ಪೆಟ್ಟಿಗೆಗೂ ಒಂದೇ ನ್ಯಾಯ ಸಲ್ಲದು. ಮೀಟರಿನ ಪೆಟ್ಟಿಗೆಗೆ ರಬ್ಬರ್ ಗ್ಯಾಸ್ಕೆಟ್ ಇರುವ, ಐಪಿ 67 ಎಂದು ಬರೆದದ್ದನ್ನು ನಾನು ಆರಿಸುತ್ತೇನೆ. ಐಪಿ ಎಂಬುದು ದೂಳು, ನೀರು ಎಷ್ಟು ತಡೆಯುತ್ತದೆ ಎಂದು ಹೇಳುವ ಗುರುತು. ಆರು ಎಂದರೆ ದೂಳು ಪೂರ್ತಿ ಬಂದ್. ಏಳು ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡುವಷ್ಟು ನೀರು ಒಳಗೆ ಹೋಗದು. ಗಾಡಿಯ ಹಿಂದೆ ಏಳುವ ಕೆಂಪು ದೂಳಿಗೆ ಆ ಆರು ಬಹಳ ಮುಖ್ಯ. ಆದರೆ ರೆಂಚಿನ ಪೆಟ್ಟಿಗೆಗೆ ಗ್ಯಾಸ್ಕೆಟ್ ಹಾಕಿಸುವುದನ್ನು ನಾನು ವಿರೋಧಿಸುತ್ತೇನೆ. ಬೋರಿನಿಂದ ಮೇಲೆತ್ತಿದ ಪೈಪು ಬಿಚ್ಚಿದ ರೆಂಚು ಒದ್ದೆಯಾಗಿಯೇ ಪೆಟ್ಟಿಗೆ ಸೇರುತ್ತದೆ. ಬಿಗಿಯಾಗಿ ಮುಚ್ಚಿದರೆ ಆ ತೇವ ಹಗಲಿಗೆ ಆವಿಯಾಗಿ, ರಾತ್ರಿ ತಂಪಿಗೆ ಮತ್ತೆ ಹನಿಗಟ್ಟಿ, ಒಳಗಿನ ಎಲ್ಲ ಸಾಮಾನಿಗೂ ತುಕ್ಕು ಹಂಚುತ್ತದೆ. ಇದಕ್ಕೆ ಮುಚ್ಚಳದ ಅಂಚು ಅರ್ಧ ಇಂಚು ಹೊರಗೆ ಇಳಿಬಿದ್ದಿದ್ದು, ತಳದ ನಾಲ್ಕು ಮೂಲೆಗಳಲ್ಲಿ ಸಣ್ಣ ತೂತುಗಳಿದ್ದರೆ ಸಾಕು. ನಮ್ಮೂರಿನ ವೆಲ್ಡಿಂಗ್ ಶಾಪಿನ ಹುಡುಗನಿಗೆ ಇದನ್ನು ಹೇಳಿದಾಗ, ‘ಹೊಸ ಪೆಟ್ಟಿಗೆಗೆ ನೀವೇ ತೂತು ಹಾಕು ಅಂತೀರಲ್ಲ ಅಣ್ಣ, ನೀರು ಬರಲ್ವಾ?’ ಎಂದು ಕೇಳಿದ. ಒಳಗೆ ಬಂದ ನೀರು ಹೊರಗೆ ಹೋಗಲೂ ದಾರಿ ಬೇಕಲ್ಲ ಮಾರಾಯ ಎಂದೆ. ಅಷ್ಟಕ್ಕೆ ಡ್ರಿಲ್ ಎತ್ತಿಕೊಂಡ.

ಆ ತೂತುಗಳು ಕೆಲಸ ಮಾಡಬೇಕಾದರೆ ತಳ ಗಾಡಿಯ ನೆಲಕ್ಕೆ ಅಂಟಿಕೊಂಡಿರಬಾರದು. ಎಲ್ (L) ಆಕಾರದ ಎರಡು ಕಬ್ಬಿಣದ ಆ್ಯಂಗಲ್ ತುಂಡುಗಳನ್ನು ಉದ್ದಕ್ಕೆ ಕಾಲಿನಂತೆ ಕೂರಿಸಿ, ಅವುಗಳ ಕೆಳಗೆ ಹಳೆಯ ಟಯರಿನ ರಬ್ಬರ್ ಹಾಕಿದರೆ ಪೆಟ್ಟಿಗೆ ಜಾರುವುದೂ ತಪ್ಪುತ್ತದೆ, ಅದುರುವುದೂ ಕಡಿಮೆಯಾಗುತ್ತದೆ. ಒಳಗೂ ಅಂಥದ್ದೇ ಒಂದು ಹಾಸು ಇರಲಿ. ಇಷ್ಟಾದರೂ ಪೆಟ್ಟಿಗೆಯನ್ನು ಬೆಲ್ಟಿನಿಂದ ಕಟ್ಟಲೇಬೇಕು. ಇಪ್ಪತ್ತು ಕಿಲೋದ ಪೆಟ್ಟಿಗೆ ಜೋರು ಬ್ರೇಕಿಗೆ ಕ್ಯಾಬಿನ್ನಿನ ಹಿಂಬದಿಯ ಗಾಜಿನ ಕಡೆಗೆ ಹಾರಿಬರುವುದನ್ನು ಯಾರೂ ಬಯಸುವುದಿಲ್ಲ.

ಬೀಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಪೆಟ್ಟಿಗೆಗೆ ಎಂಥ ಬೀಗ ಹಾಕಿದರೂ ಕಳ್ಳ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗುತ್ತಾನೆ. ರಾತ್ರಿ ಮನೆಯೊಳಗೆ ಇಳಿಸಿಕೊಳ್ಳಿ, ಇಲ್ಲವೇ ಚೈನಿನಿಂದ ಗಾಡಿಗೆ ಬಿಗಿಯಿರಿ. ಇಳಿಸಿಕೊಳ್ಳುವುದಾದರೆ ಹಿಡಿಕೆ ಮುಖ್ಯವಾಗುತ್ತದೆ. ಮುಚ್ಚಳದ ಮೇಲಿನ ಒಂಟಿ ಹಿಡಿಕೆಯಾದರೆ ಪೂರ್ತಿ ಭಾರ ಚಿಲಕ ಮತ್ತು ಹಿಂಜಿನ ಮೇಲೆ ಬೀಳುತ್ತದೆ. ಹಿಡಿಕೆಗಳು ಎರಡೂ ಪಕ್ಕದ ಗೋಡೆಗಳಲ್ಲಿರಬೇಕು. ಅವುಗಳ ಹಿಂದೆ, ಒಳಗಡೆ, ಅಂಗೈ ಅಗಲದ ದಪ್ಪ ತಗಡಿನ ತುಂಡು ಇರಬೇಕು.

ಇಷ್ಟೂ ಒಳನಾಡಿನ ಅನುಭವದ ಮಾತು. ಕರಾವಳಿಯ ಉಪ್ಪುಗಾಳಿಯಲ್ಲಿ ಕಬ್ಬಿಣದ ಪೆಟ್ಟಿಗೆಗಿಂತ ಅಲ್ಯೂಮಿನಿಯಂ ಮೇಲು, ಆದರೆ ಸ್ಟೇನ್‌ಲೆಸ್ ಬೋಲ್ಟು ಅದನ್ನು ನೇರವಾಗಿ ಮುಟ್ಟದಂತೆ ನಡುವೆ ನೈಲಾನ್ ವಾಷರ್ ಹಾಕಬೇಕು. ಇಲ್ಲದಿದ್ದರೆ ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕರಗುತ್ತದೆ. ಮಲ್ಪೆ, ಕಾರವಾರದ ಕಡೆ ಗಾಡಿ ಓಡಿಸುವವರು ಇಲ್ಲಿ ಇದ್ದರೆ, ಮಳೆಗಾಲ ದಾಟಿದ ನಿಮ್ಮ ಪೆಟ್ಟಿಗೆಯ ಫೋಟೋ ಹಾಕಿ. ಮುಂಭಾಗದ್ದು ಬೇಡ, ಹಿಂಜಿನ ಕಡೆಯದ್ದು.