ರೇಟು ಬರೆದಿಟ್ಟ ಊರುಗಳು

ವಿಯೆಟ್ನಾಂಗೆ ಹೋಗಿ ಬಂದೆವು ಅಂದಾಗ ಗಂಗಾವತಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು. "ಎಷ್ಟು ಖರ್ಚಾಯ್ತು ಮೇಡಂ?" ಮುಚ್ಚಿಡುವಂಥದ್ದೇನಿಲ್ಲ. ನಾನು ಪ್ರಾಥಮಿಕ ಶಾಲೆ ಟೀಚರ್. ನಮ್ಮ ಮನೆಯವರು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಎರಡು ವರ್ಷ ಚೀಟಿ ಕಟ್ಟಿ ಎತ್ತಿದ ದುಡ್ಡಿನಲ್ಲಿ ಹೋದೆವು. ಇಬ್ಬರಿಗೂ ಸೇರಿ ಹನ್ನೊಂದು ದಿನಕ್ಕೆ ಒಂದು ಲಕ್ಷದ ಹದಿನೆಂಟು ಸಾವಿರ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ವಿಮಾನಕ್ಕೇ ಹೋಯಿತು. ವೀಸಾ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಮಾಡಿಕೊಂಡೆವು, ಒಬ್ಬರಿಗೆ 25 ಡಾಲರ್.

ಲೆಕ್ಕ ಅಷ್ಟೇ. ನನ್ನ ತಲೆಯಲ್ಲಿ ಉಳಿದಿರುವ ಪ್ರಶ್ನೆ ಬೇರೆ. ಕೈಯಲ್ಲಿ ದುಡ್ಡು ಕಡಿಮೆ ಇರುವವರು ಪರ ಊರಿಗೆ ಹೋದರೆ ಆ ಊರು ಅವರನ್ನು ಹೇಗೆ ನೋಡಿಕೊಳ್ಳುತ್ತದೆ?

2025ರ ಏಪ್ರಿಲ್ 12, ಶನಿವಾರ. ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸಿ ಬೆಳಿಗ್ಗೆ ಹನೋಯಿಯಲ್ಲಿ ಇಳಿದೆವು. ಏರ್‌ಪೋರ್ಟ್ ಹೊರಗೇ 86 ನಂಬರಿನ ಕಿತ್ತಳೆ ಬಣ್ಣದ ಬಸ್ಸು ನಿಂತಿತ್ತು. ಟಿಕೆಟ್ 45,000 ಡಾಂಗ್. ಗಾಬರಿ ಆಗಬೇಡಿ, ಆಗ ಒಂದು ರೂಪಾಯಿಗೆ ಸುಮಾರು 300 ಡಾಂಗ್. ಅಂದರೆ 150 ರೂಪಾಯಿಗೆ ಹಳೇ ಪೇಟೆ ಮುಟ್ಟಿದೆವು. ಬಸ್ಸಿನ ಮೇಲೆ ಬರೆದದ್ದು ಒಂದು ಪದವೂ ಅರ್ಥವಾಗಲಿಲ್ಲ. 86 ಅನ್ನೋದು ಅರ್ಥವಾಯಿತು, ಅಷ್ಟೇ ಸಾಕಾಯಿತು.

ನಾವು ಇಳಿದುಕೊಂಡ ಗೆಸ್ಟ್‌ಹೌಸಿನಲ್ಲಿ ಒಂದು ಹುಡುಗಿ ಇದ್ದಳು, ಇಪ್ಪತ್ತು ವರ್ಷ ಇರಬಹುದು. ನಾವು ಮಾಂಸ, ಮೀನು ತಿನ್ನೋದಿಲ್ಲ ಅಂದಾಗ ಒಂದು ಚೀಟಿಯಲ್ಲಿ ಅವರ ಭಾಷೆಯಲ್ಲಿ ಎರಡು ಸಾಲು ಬರೆದುಕೊಟ್ಟಳು. "ಎಲ್ಲಿ ಹೋದರೂ ಇದನ್ನು ತೋರಿಸಿ" ಅಂದಳು. ಅಲ್ಲಿ ಸಸ್ಯಾಹಾರಕ್ಕೆ ಚಾಯ್ ಅನ್ನುತ್ತಾರೆ. ನಾವು ಹೋದ ದಿನ ಹುಣ್ಣಿಮೆ. ನಮ್ಮ ಅಂಜನಾದ್ರಿಯಲ್ಲಿ ಹನುಮ ಜಯಂತಿ. ಅಲ್ಲಿ ಬುದ್ಧನಿಗೆ ನಡೆದುಕೊಳ್ಳುವ ಎಷ್ಟೋ ಜನ ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಚಾಯ್ ಊಟವನ್ನೇ ಮಾಡುತ್ತಾರಂತೆ. ಆ ದಿನ ಚಾಯ್ ಊಟದ ಅಂಗಡಿ ತುಂಬಿ ತುಳುಕುತ್ತಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಪಲ್ಯಗಳನ್ನು ಬೆರಳು ತೋರಿಸಿದರೆ ಅನ್ನದ ಮೇಲೆ ಹಾಕಿಕೊಡುತ್ತಾರೆ. ತೋಫು, ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು, ಕಡಲೆಕಾಯಿ ಪುಡಿ. ತಟ್ಟೆಗೆ 40,000 ಡಾಂಗ್, ಅದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೂ ಅಷ್ಟೇ ಕೊಟ್ಟಳು. ನಾನು ನೋಡಿದೆ.

ಆ ಬರೆದಿಟ್ಟ ರೇಟಿನ ಬೆಲೆ ಹಣ ಎಣಿಸಿ ಎಣಿಸಿ ಖರ್ಚು ಮಾಡುವವರಿಗೆ ಗೊತ್ತು. ಕೇಳೋಕೆ ಸಂಕೋಚ ಇಲ್ಲ. ಚೌಕಾಸಿ ಇಲ್ಲ. ತಿಂದು ಕುಡಿದಾದ ಮೇಲೆ ಎಷ್ಟು ಹೇಳುತ್ತಾರೋ ಅಂತ ಎದೆ ಹೊಡೆದುಕೊಳ್ಳೋದಿಲ್ಲ. ಫುಟ್‌ಪಾತ್ ಮೇಲೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲ್ ಹಾಕಿರುತ್ತಾರೆ. ಆಫೀಸಿನ ಸಾಹೇಬನೂ, ಗಾರೆ ಕೆಲಸದವನೂ ಅದರ ಮೇಲೇ ಕೂರಬೇಕು. ಐಸ್ ಹಾಕಿದ ಚಹಾ 5,000 ಡಾಂಗ್, ಹದಿನೇಳು ರೂಪಾಯಿ. ಅದೊಂದು ಲೋಟ ಹಿಡಿದು ಮುಕ್ಕಾಲು ಗಂಟೆ ಕೂತರೂ ಯಾರೂ ಎದ್ದೇಳಿ ಅನ್ನಲಿಲ್ಲ.

ಎರಡನೇ ದಿನ ಒಂದು ಎಡವಟ್ಟು ಮಾಡಿದೆ. ಅಲ್ಲಿಯ 20,000ದ ನೋಟೂ ನೀಲಿ, 5,00,000ದ ನೋಟೂ ಹೆಚ್ಚುಕಡಿಮೆ ಅದೇ ನೀಲಿ. ಹಣ್ಣು ಮಾರುವ ಹೆಂಗಸಿಗೆ ಒಂದರ ಬದಲು ಇನ್ನೊಂದು ಕೊಟ್ಟು ಹೊರಟುಬಿಟ್ಟೆ. ಅರವತ್ತೈದು ರೂಪಾಯಿ ಕೊಡುವಲ್ಲಿ ಸಾವಿರದ ಆರುನೂರು ಚಿಲ್ಲರೆ. ಹೆಗಲ ಮೇಲಿನ ಅಡ್ಡೆ ಇಳಿಸಿಟ್ಟು ಆಕೆ ಓಡಿ ಬಂದಳು. ನನ್ನ ಕೈ ಹಿಡಿದು ಎರಡೂ ನೋಟು ಪಕ್ಕ ಪಕ್ಕ ಇಟ್ಟು ಸೊನ್ನೆ ಎಣಿಸಿ ತೋರಿಸಿದಳು, ಒಂದನೇ ಕ್ಲಾಸಿನ ಮಗುವಿಗೆ ತೋರಿಸಿದ ಹಾಗೆ. ನನಗೆ ಕಣ್ಣು ತುಂಬಿ ಬಂತು.

ಮೋಸವೂ ಆಯಿತು, ಹೇಳಲೇಬೇಕು. ಈಗ ಹೋ ಚಿ ಮಿನ್ ಸಿಟಿ ಅನ್ನುವ ಸೈಗಾನಿನಲ್ಲಿ ಒಂದು ಟ್ಯಾಕ್ಸಿ ಮೀಟರು ಕಣ್ಣೆದುರೇ ಕುದುರೆ ಥರ ಓಡಿತು. ಮೂರು ಪಟ್ಟು ಕೊಟ್ಟು ಇಳಿದೆವು. ಆಮೇಲೆ ಬರೀ ಬಸ್ಸು, ನಡಿಗೆ, ಮತ್ತೆ ಅಲ್ಲಿಯ ಹೊಸ ಮೆಟ್ರೋ. 2024ರ ಡಿಸೆಂಬರ್‌ನಲ್ಲಷ್ಟೇ ಶುರುವಾದದ್ದು, ಈ ತುದಿಯಿಂದ ಆ ತುದಿಗೆ 20,000 ಡಾಂಗ್. ಸೈಗಾನ್ ಬಗ್ಗೆ ಜಾಸ್ತಿ ಹೇಳೋಕೆ ನನ್ನ ಹತ್ತಿರ ಇಲ್ಲ. ವಿಯೆಟ್ನಾಂ ಯುದ್ಧ ಮುಗಿದು ಏಪ್ರಿಲ್ 30ಕ್ಕೆ ಐವತ್ತು ವರ್ಷ ಅಂತ ಊರೆಲ್ಲಾ ಕೆಂಪು ಬಾವುಟ ಕಟ್ಟುತ್ತಿದ್ದರು. ವಿಪರೀತ ಸೆಕೆ. ಗಂಗಾವತಿಯವಳು ನಾನೇ ಸೆಕೆ ಅಂದರೆ ನೀವೇ ಯೋಚಿಸಿ.

ಹನೋಯಿಯ ಮೊದಲ ರಾತ್ರಿಗೆ ವಾಪಸ್ ಹೋಗುತ್ತೇನೆ. ಊರ ನಡುವೆ ಹೋನ್ ಕಿಯೆಮ್ ಅನ್ನೋ ಕೆರೆ ಇದೆ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಅದರ ಸುತ್ತಲಿನ ರಸ್ತೆಗಳಲ್ಲಿ ಗಾಡಿ ಬಿಡೋದಿಲ್ಲ. ಮಕ್ಕಳು ನಡು ರಸ್ತೆಯಲ್ಲಿ ಆಡುತ್ತವೆ. ನನ್ನ ವಯಸ್ಸಿನ ಹೆಂಗಸರು ಸ್ಪೀಕರ್ ಹಾಕಿಕೊಂಡು ಸಾಲಾಗಿ ಕುಣಿಯುತ್ತಾರೆ. ರಾತ್ರಿ ಹತ್ತೂವರೆಗೆ ಒಬ್ಬಳು ವಿದೇಶಿ ಹುಡುಗಿ ದಂಡೆಯ ಮೇಲೆ ಒಬ್ಬಳೇ ಕೂತು ಬ್ರೆಡ್ ತಿನ್ನುತ್ತಿದ್ದಳು. ಯಾರೂ ಅವಳನ್ನು ತಿರುಗಿ ನೋಡಲಿಲ್ಲ.

ನಾನು ನೋಡಿದೆ. ಯಾಕೆಂದರೆ ನಮ್ಮೂರಿನಿಂದ ಹೋದವಳಿಗೆ ಅದನ್ನು ನೋಡಿ ಸುಮ್ಮನಿರಲು ಆಗೋದಿಲ್ಲ. ಹಿಂದಿನ ತಿಂಗಳಷ್ಟೇ, ಮಾರ್ಚ್‌ನಲ್ಲಿ, ನಮ್ಮ ತಾಲೂಕಿನ ಸಾಣಾಪುರದ ಹತ್ತಿರ ಕಾಲುವೆ ದಂಡೆಯಲ್ಲಿ ರಾತ್ರಿ ಕೂತಿದ್ದ ಪ್ರವಾಸಿಗರ ಮೇಲೆ ದಾಳಿ ಆಗಿತ್ತು. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ. ಕಾಲುವೆಗೆ ತಳ್ಳಿದವರಲ್ಲಿ ಒಬ್ಬ ಹುಡುಗನ ಸಾವು. ಅದೇ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬೆಳೆದ ಅನ್ನವನ್ನೇ ನಾವು ಉಣ್ಣೋದು. ಆಗ ನಮ್ಮಲ್ಲೇ ಕೆಲವರು "ರಾತ್ರಿ ಅಲ್ಲಿ ಯಾಕೆ ಹೋಗಬೇಕಿತ್ತು" ಅಂದರು. ಹನೋಯಿಯ ಕೆರೆ ದಂಡೆಯಲ್ಲಿ ರಾತ್ರಿ ಹತ್ತೂವರೆಗೆ ನಾನೂ ಕೂತಿದ್ದೆನಲ್ಲ? ನನಗೇನಾದರೂ ಆಗಿದ್ದರೆ ಅಲ್ಲಿಯವರು ಆ ಮಾತು ಅನ್ನಬೇಕಿತ್ತಾ? ಆ ರಾತ್ರಿ ನಿದ್ದೆ ಬರಲಿಲ್ಲ.

ಹನೋಯಿಯಿಂದ ಹ್ಯುವೆಗೆ ರಾತ್ರಿ ರೈಲು, 688 ಕಿಲೋಮೀಟರ್. ಒಂದು ಕೋಣೆಯಲ್ಲಿ ಆರು ಬರ್ತ್. ಬೆಳಗಾಗುತ್ತಲೇ ಕಿಟಕಿ ತುಂಬಾ ಗದ್ದೆ. ನಮ್ಮ ಮನೆಯವರು ಗಾಜಿಗೆ ಮೂಗು ಒತ್ತಿಕೊಂಡು ಕೂತುಬಿಟ್ಟರು. "ತೆನೆ ಬಾಗಿದೆ ನೋಡೇ, ಇನ್ನು ಹದಿನೈದು ದಿನಕ್ಕೆ ಕೊಯ್ಲು" ಅಂದರು. ಕಾರಟಗಿ, ಸಿದ್ದಾಪುರದ ಕಡೆ ಹೋಗುತ್ತಿದ್ದೇವೆ ಅನ್ನಿಸುತ್ತಿತ್ತು. ಗದ್ದೆಗಳ ನಡುವೆ ಅಲ್ಲಲ್ಲಿ ಸಮಾಧಿಗಳು. ನಮ್ಮ ಕಡೆಯೂ ಹಿರಿಯರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ, ಅಲ್ವಾ? ಕೆಳಗಿನ ಬರ್ತಿನ ರೈತ ಇವರ ಆಸಕ್ತಿ ನೋಡಿ ಮೊಬೈಲಿನಲ್ಲಿ ತನ್ನ ಗದ್ದೆಯ ಫೋಟೋ ತೋರಿಸಿದ. ಇವರು ನಮ್ಮ ಸೋನಾ ಮಸೂರಿ ತೋರಿಸಿದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಒಂದು ಗಂಟೆ ಮಾತಾಡಿದರು. ವಿಮಾನದಲ್ಲಿ ಹೋಗಿದ್ದರೆ ಈ ಒಂದು ಗಂಟೆ ಸಿಗುತ್ತಿತ್ತಾ?

ಹೋಯಿ ಆನ್ ಅನ್ನೋ ಹಳೇ ಬಂದರಿನ ಊರಿನಿಂದ 40 ಕಿಲೋಮೀಟರ್ ದೂರದಲ್ಲಿ ಮಿ ಸನ್ ಇದೆ. ಹಿಂದೆ ಆ ಸೀಮೆ ಆಳಿದ ಚಂಪಾ ರಾಜರು ಸುಮಾರು ಒಂಬತ್ತು ನೂರು ವರ್ಷ ಕಾಲ ಅಲ್ಲಿ ಇಟ್ಟಿಗೆಯ ಶಿವಾಲಯಗಳನ್ನು ಕಟ್ಟುತ್ತಲೇ ಇದ್ದರು. ಸುತ್ತ ಬೆಟ್ಟ, ನಡುವೆ ಕೆಂಪು ಗೋಪುರಗಳು, ಸಂಸ್ಕೃತದ ಶಾಸನ, ಬಯಲಲ್ಲಿ ಕೂತ ಲಿಂಗ. 1969ರಲ್ಲಿ ಅಮೆರಿಕದ ಬಾಂಬಿಗೆ ಎಲ್ಲಕ್ಕಿಂತ ದೊಡ್ಡ ಗುಡಿಯೇ ಬಿದ್ದುಹೋಯಿತು. ಬಾಂಬ್ ಬಿದ್ದ ಗುಂಡಿಗಳು ಈಗಲೂ ಇವೆ. ಉಳಿದವುಗಳಲ್ಲಿ ಕೆಲವನ್ನು ನಿಲ್ಲಿಸಿಕೊಟ್ಟದ್ದು ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು. ಆ ಕೆಲಸ ಮಾಡುವಾಗಲೇ, 2020ರ ಮೇನಲ್ಲಿ, ಒಂಬತ್ತನೇ ಶತಮಾನದ ಒಂದೇ ಕಲ್ಲಿನ ಶಿವಲಿಂಗ ಮಣ್ಣಿನಿಂದ ಎದ್ದು ಬಂತು. ಹಂಪಿಯ ಪಕ್ಕದಲ್ಲಿ ಹುಟ್ಟಿ ಬೆಳೆದವಳಿಗೆ ಮುರಿದ ಗುಡಿ ಹೊಸದಲ್ಲ. ಆದರೂ ಅಲ್ಲಿ ಕೈ ಮುಗಿದು ನಿಂತಾಗ ಕಾಲು ಕೀಳಲು ಮನಸ್ಸಾಗಲಿಲ್ಲ.

ಅಲ್ಲಿ ಟಿಕೆಟ್ ಅವರ ದೇಶದವರಿಗೆ ಒಂದು ಲಕ್ಷ ಡಾಂಗ್, ನಮ್ಮಂಥವರಿಗೆ ಒಂದೂವರೆ ಲಕ್ಷ. ಒಂದೂವರೆ ಪಟ್ಟು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಆಮೇಲೆ ಹಂಪಿ ನೆನಪಾಯಿತು. ವಿಜಯ ವಿಠ್ಠಲ ಗುಡಿಗೆ ನಮಗೆ 40 ರೂಪಾಯಿ, ನೆರೆಯ ಕೆಲವು ದೇಶ ಬಿಟ್ಟು ಉಳಿದ ಹೊರದೇಶದವರಿಗೆ 600. ಹದಿನೈದು ಪಟ್ಟು! ಬಿಳಿ ಚರ್ಮದವರ ಹತ್ತಿರ ದುಡ್ಡಿಗೇನು ಕಡಿಮೆ ಅಂತ ನಾವು ಅಂದುಕೊಂಡಿದ್ದೇವೆ. ಬ್ಯಾಗ್ ಹೊತ್ತು ಆನೆಗೊಂದಿ, ಸಾಣಾಪುರಕ್ಕೆ ಬರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಹೋಟೆಲಿನಲ್ಲೋ ಅಂಗಡಿಯಲ್ಲೋ ದುಡಿದು ಕೂಡಿಟ್ಟು ಬಂದವರು. ನಾನು ಚೀಟಿ ಎತ್ತಿದ ಹಾಗೆ. ಅವರಿಗೆ ನಾವು ಏನು ಕೊಟ್ಟಿದ್ದೇವೆ? ಆಟೋಗೆ ಬಾಯಿಗೆ ಬಂದ ರೇಟು. ಎಳನೀರಿಗೆ ಮುಖ ನೋಡಿ ರೇಟು. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದ ಹೆಂಗಸಿಗೆ ಶುಚಿಯಾದ ಶೌಚಾಲಯ ಸಿಕ್ಕರೆ ಅವಳ ಪುಣ್ಯ. ಇದಕ್ಕೆ ಕೋಟಿಗಟ್ಟಲೆ ಯೋಜನೆ ಬೇಕಿಲ್ಲ. ಬಸ್ಸಿಗೊಂದು ನಂಬರ್ ಬೇಕು. ಅಂಗಡಿ ಮುಂದೆ ರೇಟು ಬರೆದ ಹಲಗೆ ಬೇಕು. ಕಾಲುವೆ ದಂಡೆಗೆ ದೀಪ ಬೇಕು, ರಾತ್ರಿ ಒಂದು ಸುತ್ತು ಪೊಲೀಸ್ ಗಾಡಿ ಬೇಕು. ನಮ್ಮ ಪಂಚಾಯಿತಿಯವರು, ಆಟೋ ಅಣ್ಣಂದಿರು, ಹೋಂಸ್ಟೇ ನಡೆಸುವವರು ಒಂದು ದಿನ ಕೂತು ಮಾತಾಡಿದರೆ ಅರ್ಧ ಕೆಲಸ ಆಗುತ್ತದೆ. ಕರೆದರೆ ನಾನೂ ಬರುತ್ತೇನೆ.

ವಾಪಸ್ ಬಂದು ಎರಡು ವಾರ ಆಗಿತ್ತು. ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಬೆನ್ನಿಗೆ ದೊಡ್ಡ ಬ್ಯಾಗ್ ಹಾಕಿಕೊಂಡ ಒಬ್ಬ ಹುಡುಗಿ ಬಂದು ನಿಂತ ಒಂದೊಂದೇ ಬಸ್ಸಿನ ಮುಂದೆ ಹೋಗಿ ಬೋರ್ಡು ನೋಡುತ್ತಿದ್ದಳು. ಎಲ್ಲಾ ಕನ್ನಡದಲ್ಲಿ. ನಂಬರ್ ಇಲ್ಲ. ಆಟೋದವರು ಸುತ್ತ ಸೇರಿದ್ದರು. ನಾನು ಹತ್ತಿರ ಹೋಗಿ ಎಲ್ಲಿಗೆ ಅಂತ ಕೇಳಿದೆ. ಆನೆಗೊಂದಿ ಅಂತ ಅವಳು ಹೇಳಿದ್ದು ನನಗೆ ಎರಡು ಸಲ ಕೇಳಿದ ಮೇಲೆ ತಿಳಿಯಿತು. ವ್ಯಾನಿಟಿ ಬ್ಯಾಗಿನಲ್ಲಿ ಹನೋಯಿಯ ಹುಡುಗಿ ಬರೆದುಕೊಟ್ಟ ಚೀಟಿ ಇನ್ನೂ ಇತ್ತು. ಅದರ ಕೆಳಗಿನ ಖಾಲಿ ಜಾಗ ಹರಿದು, ದೊಡ್ಡ ಅಕ್ಷರದಲ್ಲಿ ಆನೆಗೊಂದಿ ಅಂತ ಬರೆದೆ. ಕಂಡಕ್ಟರ್ ಅಣ್ಣನ ಹತ್ತಿರ ಟಿಕೆಟ್ ಎಷ್ಟು ಅಂತ ಕೇಳಿ ಅದನ್ನೂ ಬರೆದು ಅವಳ ಕೈಗೆ ಕೊಟ್ಟೆ.