ಗೊಂಬೆಗೆ ಮೊಡವೆ ಮುಲಾಮು

ಮಹಾಲಯ ಅಮಾವಾಸ್ಯೆಗೆ ಮೂರು ವಾರ ಇರುವಾಗಲೇ ನಮ್ಮ ಮೈಸೂರಿನ ಮನೆಯ ಅಟ್ಟದಿಂದ ದಸರಾ ಗೊಂಬೆಯ ಟ್ರಂಕು ಇಳಿಯುತ್ತದೆ. ಇಳಿಸುವವನು ನಾನು, ಬೈಸಿಕೊಳ್ಳುವವನೂ ನಾನು. ನಿವೃತ್ತನಾದ ವರ್ಷ ಹುಮ್ಮಸ್ಸಿನಲ್ಲಿ "ಈ ಸಲ ಹಳೆಯ ಗೊಂಬೆಗಳಿಗೆಲ್ಲ ಮರುಜೀವ ಕೊಡುತ್ತೇನೆ" ಎಂದುಬಿಟ್ಟೆ. ಮಡದಿ ಮಾತಾಡಲಿಲ್ಲ. ತವರಿನಿಂದ ಮದುವೆಯಲ್ಲಿ ಬಂದ ರಾಜ-ರಾಣಿಯರ ಪಟ್ಟದ ಗೊಂಬೆಗಳೆರಡನ್ನೂ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ಇವುಗಳಿಗೆ ಇರುವ ಜೀವವೇ ಸಾಕು" ಎಂದಳು.

ಮೊದಲ ರೋಗಿ ಚನ್ನಪಟ್ಟಣದ ಸಿಪಾಯಿ. ಹಾಲೆ ಮರದವನು, ನನ್ನ ಬಾಲ್ಯದ ಜೊತೆಗಾರ. ಐವತ್ತು ವರ್ಷದ ಜಿಡ್ಡು ಮೈಗಂಟಿತ್ತು. ಕೊರೋನಾ ಕಾಲದ ಸ್ಯಾನಿಟೈಸರ್ ಮನೆಯಲ್ಲಿ ಅರ್ಧ ಲೀಟರ್ ಉಳಿದಿತ್ತು. ಹತ್ತಿಗೆ ಅದ್ದಿ ಒರೆಸಿದೆ, ಹತ್ತಿ ಕೆಂಪಾಯಿತು. ಕೊಳೆ ಬಿಡುತ್ತಿದೆ ಎಂದು ಹಿಗ್ಗಿದೆ. ಇನ್ನೊಂದು ಹತ್ತಿ, ಅದೂ ಕೆಂಪು. ಕೊಳೆಗೆ ಇಷ್ಟು ಚೆಂದದ ಬಣ್ಣ ಯಾಕಿರುತ್ತದೆ ಎಂದು ಹೊಳೆಯುವಷ್ಟರಲ್ಲಿ ಸಿಪಾಯಿ ಕೋಟು ಕಳಚಿ ಬರಿಮೈಯಲ್ಲಿ ನಿಂತಿದ್ದ. ಚನ್ನಪಟ್ಟಣದ ಬಣ್ಣವೆಂದರೆ ಅರಗು. ಗರಗರ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಿದ ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತದೆ. ಅದೇ ಅರಗು ಸ್ಪಿರಿಟ್ಟಿನಲ್ಲೂ ಕರಗುತ್ತದೆ ಎಂಬುದು ಮೇಜು ಕುರ್ಚಿಗೆ ಪಾಲಿಷ್ ಹಾಕುವ ಯಾವ ಬಡಗಿಯನ್ನು ಕೇಳಿದ್ದರೂ ಗೊತ್ತಾಗುತ್ತಿತ್ತು. ಅರಗಿನ ಮನೆಗೆ ಬೆಂಕಿಯೇ ಬೇಕೆಂದಿಲ್ಲ, ಸ್ಯಾನಿಟೈಸರ್ ಸಾಕು.

ಮಣ್ಣಿನ ಶೆಟ್ಟರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಕಥೆ ಬೇಡ. ಅಂಗಡಿಯಿದೆ, ಮುಂದೆ ಅಕ್ಕಿ ಬೇಳೆಯ ರಾಶಿಯಿದೆ, ಶೆಟ್ಟರಿಗೆ ಮುಖವಿಲ್ಲ.

ಉಳಿದವಳು ತಂಗಿಯ ಗೊಂಬೆ. ಮಲಗಿಸಿದರೆ ಕಣ್ಣು ಮುಚ್ಚುವ, ನೈಲಾನ್ ಕೂದಲಿನ ಪ್ಲಾಸ್ಟಿಕ್ ಸುಂದರಿ. 1978ರಲ್ಲಿ, ಮನೆಗೆ ಬಂದ ವಾರದಲ್ಲೇ, ತಂಗಿ ಇವಳಿಗೆ ಬಾಲ್‌ಪೆನ್ನಿನಲ್ಲಿ ಮೀಸೆ ಬರೆದಿದ್ದಳು. ಆ ಶಾಯಿ ಪ್ಲಾಸ್ಟಿಕ್ಕಿನೊಳಕ್ಕೇ ಇಳಿದಿರುತ್ತದೆ. ಸೋಪು, ಸೀಗೆಪುಡಿ ಯಾವುದಕ್ಕೂ ಬಗ್ಗುವುದಿಲ್ಲ. ಗೊಂಬೆ ಸಂಗ್ರಹಿಸುವವರ ಬಳಿ ಇದಕ್ಕೊಂದು ಮದ್ದುಂಟು. ಬೆಂಜಾಯಿಲ್ ಪೆರಾಕ್ಸೈಡ್ ಇರುವ ಮೊಡವೆ ಮುಲಾಮು ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ, ಕೆಲವು ದಿನ ಬಿಸಿಲಿಗಿಡುವುದು. ಔಷಧಿ ಅಂಗಡಿಗೆ ಹೋದೆ.

"ಯಾರಿಗೆ ಸರ್?" ಎಂದ ಹುಡುಗ.

"ಮನೆಯಲ್ಲಿ ಒಬ್ಬಳಿಗೆ. ಮುಖದ ಮೇಲೆ ಕಲೆ."

"ವಯಸ್ಸು?"

"ನಲವತ್ತಾರು."

"ಈ ವಯಸ್ಸಿನಲ್ಲಿ ಮೊಡವೆಯೇ?"

"ಮೊಡವೆಯಲ್ಲಪ್ಪ, ಮೀಸೆ."

ಹುಡುಗ ಮುಲಾಮು ಕೊಟ್ಟ. ಕೂದಲಿನ ಸಿಕ್ಕು ಬಿಡಿಸಲು ಒಂದು ಕಂಡೀಷನರ್, ಒಂದು ಚಿಕ್ಕ ಬಾಚಣಿಗೆಯನ್ನೂ ಕೇಳಿದೆ. ಅವನ ದೃಷ್ಟಿ ನಿಧಾನವಾಗಿ ಮೇಲಕ್ಕೇರಿ ನನ್ನ ತಲೆಯ ಮೇಲೆ ನಿಂತಿತು. ನಾನು ಬಾಚಣಿಗೆಯ ಹಂಗು ತೊರೆದು ಇಪ್ಪತ್ತು ವರ್ಷವಾಗಿದೆ.

ಬಿಸಿಲು ಕಂಡಾಗಲೆಲ್ಲ ಸುಂದರಿಯನ್ನು ಎತ್ತಿಕೊಂಡು ತಾರಸಿಗೆ ಓಡಿದೆ. ಮುಖಕ್ಕೆ ಬಿಳಿ ಮುಲಾಮು, ಅದರ ಮೇಲೆ ಪ್ಲಾಸ್ಟಿಕ್ ಸುತ್ತು, ಕೆದರಿದ ಕೂದಲು. ಪಕ್ಕದ ಮನೆಯ ಅಜ್ಜಿ ಬಟ್ಟೆ ಒಣಹಾಕಲು ಬಂದವರು ಒಮ್ಮೆ ನೋಡಿ, ಬಕೆಟ್ ಅಲ್ಲೇ ಬಿಟ್ಟು ಇಳಿದುಹೋದರು. ಮರುದಿನ ಅವರ ಗೇಟಿಗೆ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡುತ್ತಿದ್ದವು.

ಐದನೆಯ ದಿನ ಮುಲಾಮು ಒರೆಸಿದೆ. ಶಾಯಿ ಪೂರ್ತಿ ಮಾಯ! ಆದರೆ ಮುಲಾಮು ಶಾಯಿಗಷ್ಟೇ ತೃಪ್ತಿಪಡದೆ ಮೈಬಣ್ಣವನ್ನೂ ನೆಕ್ಕಿತ್ತು. ಕಪ್ಪು ಮೀಸೆ ಇದ್ದ ಜಾಗದಲ್ಲೀಗ ಅಚ್ಚುಕಟ್ಟಾದ ಬಿಳಿ ಮೀಸೆ. ನಲವತ್ತಾರು ವರ್ಷಕ್ಕೆ ನೆರೆಯುವುದು ಸಹಜವೇ ಎಂದು ಸಮಾಧಾನ ಮಾಡಿಕೊಂಡೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕಂಡೀಷನರ್‌ಗೆ ದುಡ್ಡು ಕೊಟ್ಟಾಗಿತ್ತಲ್ಲ, ಬಕೆಟ್ಟಿನಲ್ಲಿ ಮುಳುಗಿಸಿ ತಲೆಸ್ನಾನ ಮಾಡಿಸಿದೆ. ಈ ಗೊಂಬೆಗಳ ಕಣ್ಣಿನ ಹಿಂದೆ ಒಂದು ಲೋಹದ ತೂಕದ ತುಂಡಿರುತ್ತದೆ. ಮಲಗಿಸಿದಾಗ ರೆಪ್ಪೆ ಇಳಿಯುವುದು ಅದರಿಂದಲೇ. ಕಣ್ಣಿನ ಸಂದಿಯಿಂದ ನೀರು ಒಳಗಿಳಿಯಿತು, ಇಳಿದದ್ದು ಹೊರಗೆ ಬರಲಿಲ್ಲ. ವಾರದಲ್ಲಿ ಎಡಗಣ್ಣು ತುಕ್ಕು ಹಿಡಿದು ಅರ್ಧಕ್ಕೇ ನಿಂತಿತು.

ಪಾಡ್ಯದ ದಿನ ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸುವಾಗ ಮಡದಿ ನನ್ನನ್ನು ಹೂವು ತರಲು ದೇವರಾಜ ಮಾರುಕಟ್ಟೆಗೆ ಅಟ್ಟಿದ್ದಳು. ಸಂಜೆ ತಂಗಿ ಬಂದಳು. ಬೆತ್ತಲೆ ಸಿಪಾಯಿಯನ್ನೂ ಮುಖವಿಲ್ಲದ ಶೆಟ್ಟರನ್ನೂ ದಾಟಿ ಕೆಳಗಿನ ಮೆಟ್ಟಿಲಿನಿಂದ ತನ್ನ ಸುಂದರಿಯನ್ನು ಎತ್ತಿಕೊಂಡಳು. ಮೆಲ್ಲನೆ ಮಲಗಿಸಿದಳು. ಬಲಗಣ್ಣು ಮುಚ್ಚಿತು, ಎಡಗಣ್ಣು ಅರೆತೆರೆದು ನೋಡುತ್ತಿತ್ತು. ಒಳಗೆ ಸ್ನಾನದ ನೀರು ಗುಳುಗುಳು ಎಂದಿತು.

"ಅಣ್ಣಾ, ಬಿಳಿ ಮೀಸೆ, ಅರೆಗಣ್ಣು, ಹೊಟ್ಟೆಯಲ್ಲಿ ಗುಳುಗುಳು" ಎಂದಳು. "ಮಧ್ಯಾಹ್ನ ಊಟವಾದ ಮೇಲೆ ಪೇಪರು ಹಿಡಿದು ಒರಗಿದ ಅಪ್ಪನೇ ಇದು."