ಮ್ಯಾನ್ ಪೇಜ್ ಇಲ್ಲದ ಡ್ರೈವರ್‌ಗೆ ಕರ್ನಲ್‌ನಲ್ಲಿ ಜಾಗ ಕೊಡಬೇಕಾ?

ಓಪನ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್‌ಗೆ (ಅದರ ತಿರುಳಿಗೆ) ಹೊಸ ಡ್ರೈವರ್, ಅಂದರೆ ಹಾರ್ಡ್‌ವೇರ್ ನಡೆಸುವ ಕೋಡ್, ಸೇರಿತು ಅಂದರೆ ಅದರ ಮ್ಯಾನ್ ಪೇಜ್ (ಮಷೀನಿನಲ್ಲೇ ಓದಬಹುದಾದ ಕೈಪಿಡಿ ಪುಟ) ಕೂಡ ಸೇರಿತು ಅಂತಲೇ ಲೆಕ್ಕ. ಲಿನಕ್ಸ್‌ನಲ್ಲಿ ಅಂಥ ಕಟ್ಟುಪಾಡಿಲ್ಲ. ಅಲ್ಲಿ ವಿವರ ಡಾಕ್ಯುಮೆಂಟೇಶನ್ ಫೋಲ್ಡರಿನಲ್ಲಿ ಒಂದಿಷ್ಟು, ಕರ್ನಲ್‌ಗೆ ಏನೇನು ಸೇರಬೇಕು ಅಂತ ಆರಿಸುವ ಕೆ-ಕಾನ್ಫಿಗ್‌ನ ಸಹಾಯದ ಸಾಲುಗಳಲ್ಲಿ ಒಂದಿಷ್ಟು, ಮಾಡ್ಯೂಲಿನ (ಬೇಕಾದಾಗ ಲೋಡ್ ಆಗುವ ಡ್ರೈವರ್ ಫೈಲಿನ) ಒಳಗೇ ಒಂದಿಷ್ಟು ಹಂಚಿಹೋಗಿದೆ. ಕೆಲವು ಡ್ರೈವರ್‌ಗಳಿಗೆ ಎಲ್ಲೂ ಇಲ್ಲ. ಪುಟ ಬರೆಯದವರ ಡ್ರೈವರ್ ತಗೋಬೇಡಿ ಅಂತ ನಿಯಮ ಮಾಡಿಬಿಡೋಣವಾ? ಹೌದು ಅನ್ನುವವರು ಸರ್ವರ್ ನೋಡಿಕೊಳ್ಳುವವರು. ಬೇಡ ಅನ್ನುವವರು ಡ್ರೈವರ್ ಬರೆಯುವವರು.

ಪರ: ನೆಟ್ ಹೋದಾಗ ಓದೋದು ಏನನ್ನ?

ರಾತ್ರಿ ಹನ್ನೊಂದೂವರೆ. ನೆಲಮಾಳಿಗೆಯಲ್ಲಿ ಸರ್ವರ್ ರೂಮು. ಮೊಬೈಲ್‌ಗೆ ಒಂದು ಕಡ್ಡಿ ಸಿಗ್ನಲ್ ಕೂಡ ಇಲ್ಲ. ಬ್ಯಾಕಪ್ ಶುರುವಾದ ಕೂಡಲೇ ಒಂದು ಸರ್ವರಿನ ನೆಟ್‌ವರ್ಕ್ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನಾಗೇ ಬರುತ್ತಿತ್ತು. ಮತ್ತೆ ಹೋಗುತ್ತಿತ್ತು. ಕೇಬಲ್ ಬದಲಿಸಿದೆ. ಸ್ವಿಚ್ಚಿನ ಪೋರ್ಟ್ ಬದಲಿಸಿದೆ. ಡಿ-ಮೆಸೇಜ್, ಅಂದರೆ ಕರ್ನಲ್‌ನ ಲಾಗ್, ನೋಡಿದರೆ 'ನೆಟ್‌ಡೆವ್ ವಾಚ್‌ಡಾಗ್' ಅಂತ ಸಾಲು ಸಾಲು.

ಹುಡುಕುತ್ತಾ ಹೋದರೆ, ನನಗಿಂತ ಮುಂಚೆ ಅಲ್ಲಿದ್ದ ಯಾರೋ ಪುಣ್ಯಾತ್ಮರು ಡ್ರೈವರ್‌ಗಳಿಗೆ ಸೆಟ್ಟಿಂಗ್ ಕೊಡುವ ಮಾಡ್‌ಪ್ರೋಬ್ ಫೈಲಿನಲ್ಲಿ ಒಂದು ಸಾಲು ಬರೆದಿಟ್ಟು ಹೋಗಿದ್ದರು: ಇ1000ಇ ಅನ್ನುವ ಇಂಟೆಲ್ ನೆಟ್‌ವರ್ಕ್ ಕಾರ್ಡಿನ ಡ್ರೈವರಿಗೆ 'ಆರ್‌ಎಕ್ಸ್‌ಇಂಟ್‌ಡಿಲೇ' 32. ಇದೇನಪ್ಪಾ ಅಂತ ಮಾಡ್ಯೂಲಿನ ವಿವರ ಹೇಳುವ ಮಾಡ್‌ಇನ್ಫೋ ಆಜ್ಞೆಯನ್ನು ಕೇಳಿದೆ. 'ರಿಸೀವ್ ಇಂಟರಪ್ಟ್ ಡಿಲೇ' ಅಂದಿತು (ಇಂಟರಪ್ಟ್ ಅಂದರೆ ಕಾರ್ಡ್ ಸಿಪಿಯುವನ್ನು ಕರೆಯುವ ಸಂಕೇತ). ಹೆಸರನ್ನೇ ಬಿಡಿಸಿ ಹೇಳಿತು, ಅಷ್ಟೇ. 32 ಜಾಸ್ತಿಯಾ, ಕಡಿಮೆಯಾ, ತೆಗೆದರೆ ಏನಾಗುತ್ತೆ? ಒಂದೂ ಇಲ್ಲ.

ಕೊನೆಗೆ ನಾಲ್ಕು ಮಹಡಿ ಹತ್ತಿ ಟೆರೇಸಿಗೆ ಹೋಗಿ ಮೊಬೈಲಿನಲ್ಲಿ ಹುಡುಕಿದೆ. ಕರ್ನಲ್ ಸೋರ್ಸಿನ ಡಾಕ್ಯುಮೆಂಟೇಶನ್ ಫೋಲ್ಡರಿನಲ್ಲಿ ಎಚ್ಚರಿಕೆ ಇತ್ತು. ಇದಕ್ಕೆ 0 ಬಿಟ್ಟು ಬೇರೆ ಅಂಕಿ ಕೊಟ್ಟರೆ ಕಾರ್ಡ್ ಕೆಲವೊಮ್ಮೆ ಡೇಟಾ ಕಳಿಸುವುದನ್ನೇ ನಿಲ್ಲಿಸಬಹುದು, ಆಗ ವಾಚ್‌ಡಾಗ್ ಸಂದೇಶ ಬರುತ್ತದೆ, ಕಾರ್ಡ್ ತಾನೇ ರೀಸೆಟ್ ಆಗುತ್ತದೆ, ಬೇಡವಾದರೆ 0 ಇಡಿ. ನನ್ನ ಸರ್ವರಿನ ಕಾಯಿಲೆಯನ್ನು ನೋಡಿಕೊಂಡೇ ಬರೆದ ಹಾಗಿತ್ತು! ತಪ್ಪು ಕಾರ್ಡಿನದಲ್ಲ, ಆ ಒಂದು ಸಾಲಿನದು. ಕೆಳಗಿಳಿದು ಬಂದು ಅದನ್ನು ಅಳಿಸಿದೆ. ಬ್ಯಾಕಪ್ ಬೆಳಗಿನ ಜಾವ ಮುಗಿಯಿತು.

ವಿವರ ಇತ್ತು, ನಿಜ. ಆದರೆ ಇದ್ದದ್ದು ಸೋರ್ಸಿನಲ್ಲಿ. ಓಡುವ ಸರ್ವರಿಗೆ ಕರ್ನಲ್ ಸೋರ್ಸ್ ಯಾರು ಹಾಕುತ್ತಾರೆ? ನೆಟ್‌ವರ್ಕ್ ಡ್ರೈವರಿನ ವಿವರ ನೆಟ್‌ನಲ್ಲಿ ಮಾತ್ರ ಸಿಗುವುದು, ಬಾವಿ ಸೇದುವ ಹಗ್ಗವನ್ನು ಬಾವಿಯೊಳಗೇ ಇಟ್ಟ ಹಾಗೆ.

ಮನೆಯ ರೂಟರಿಗೆ ನಾನು ಓಪನ್‌ಬಿಎಸ್‌ಡಿ ಹಾಕಿದ್ದೇನೆ. ಅಲ್ಲಿ ಇಂಟೆಲ್ ಗಿಗಾಬಿಟ್ ಕಾರ್ಡಿನ ಹೆಸರು 'ಇಎಂ0'. ಇಎಂ ಅನ್ನುವುದು ಡ್ರೈವರಿನ ಹೆಸರು, 0 ಅಂದರೆ ಅಂಥದ್ದರಲ್ಲಿ ಮೊದಲನೆಯದು. 'ಮ್ಯಾನ್ ಇಎಂ' ಅಂತ ಹೊಡೆದರೆ ಸಾಕು, ಪುಟ ಎದುರಿಗೆ. ಸಾಧನದ ಹೆಸರೇ ಬೀಗದ ಕೈ. ಈ ಡ್ರೈವರ್ ಯಾವ ಯಾವ ಚಿಪ್ಪಿಗೆ ಆಗುತ್ತದೆ, ಕರ್ನಲ್ ಕಾನ್ಫಿಗರೇಶನ್ ಫೈಲಿನಲ್ಲಿ ಅದರ ಸಾಲು ಹೇಗಿರುತ್ತದೆ, ಎಲ್ಲ ಅಲ್ಲೇ. ಯಾವ ಡ್ರೈವರ್ ಬೇಕು ಅಂತಲೇ ಗೊತ್ತಿಲ್ಲವಾ? 'ಪಿಸಿಐ' ಅನ್ನುವ ಪುಟ ತೆಗೆಯಿರಿ. ಪಿಸಿಐ (ಕಂಪ್ಯೂಟರಿಗೆ ಕಾರ್ಡ್ ಜೋಡಿಸುವ ಒಂದು ಪದ್ಧತಿ) ಕಾರ್ಡುಗಳ ಡ್ರೈವರ್ ಪಟ್ಟಿ ಇದೆ, ಒಂದೊಂದಕ್ಕೂ ಒಂದೊಂದು ಸಾಲಿನ ಪರಿಚಯ ಇದೆ. ಡ್ರೈವರ್ ಇಲ್ಲದ ಕಾರ್ಡ್ ಕಂಡರೆ ಬೂಟ್ ಆಗುವಾಗಲೇ 'ನಾಟ್ ಕಾನ್ಫಿಗರ್ಡ್' ಅಂತ ಮುಲಾಜಿಲ್ಲದೆ ಹೇಳಿಬಿಡುತ್ತದೆ. ಡ್ರೈವರೇ ಕೈಕೊಟ್ಟು ಮಷೀನ್ ಏಳದಿದ್ದರೆ 'ಬೂಟ್ -ಸಿ' ಕೊಟ್ಟು, ಆ ಡ್ರೈವರನ್ನು 'ಡಿಸೇಬಲ್' ಮಾಡಿ ಮುಂದೆ ಹೋಗಬಹುದು. ಅದಕ್ಕೂ ಒಂದು ಪುಟ ಇದೆ.

ಓಪನ್‌ಬಿಎಸ್‌ಡಿಯ ನೆಂಟ ಫ್ರೀಬಿಎಸ್‌ಡಿಯವರು ಇನ್ನೊಂದು ಹೆಜ್ಜೆ ಮುಂದೆ. ಪ್ರತಿ ಡ್ರೈವರಿನ ಪುಟದಲ್ಲಿ 'ಹಾರ್ಡ್‌ವೇರ್' ಅನ್ನುವ ಭಾಗ ಇರುತ್ತದಲ್ಲ, ಅದನ್ನೆಲ್ಲ ಸ್ಕ್ರಿಪ್ಟ್‌ನಿಂದ ಒಟ್ಟು ಮಾಡಿ ಪ್ರತಿ ಬಿಡುಗಡೆಗೂ ಯಾವ ಯಾವ ಹಾರ್ಡ್‌ವೇರ್ ನಡೆಯುತ್ತದೆ ಅನ್ನುವ ಪಟ್ಟಿ ತೆಗೆಯುತ್ತಾರೆ. ಇನ್ನು 'ಡಯಾಗ್ನಾಸ್ಟಿಕ್ಸ್' ಭಾಗ. ಡ್ರೈವರ್ ಬೈದುಕೊಳ್ಳುವ ಸಾಲುಗಳು, ಪಕ್ಕದಲ್ಲೇ ಅದರ ಅರ್ಥ. 'ವಾಚ್‌ಡಾಗ್ ಟೈಮ್‌ಔಟ್' ಬಂದರೆ? ಸಾಧನ ಉತ್ತರ ಕೊಡುತ್ತಿಲ್ಲ, ಇಲ್ಲಾ ಕೇಬಲ್ ಸರಿಯಿಲ್ಲ. ನೆಲಮಾಳಿಗೆಯಲ್ಲಿ ನಿಂತವನಿಗೆ ಅಷ್ಟು ಸಾಕು.

ಇದೇನು ಹೊಸ ಹುಚ್ಚಲ್ಲ. 1971ರ ನವೆಂಬರ್ 3ರ ತಾರೀಖಿನ, ಬಿಎಸ್‌ಡಿಗಳ ಮೂಲವಾದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ನಾಲ್ಕನೇ ಭಾಗ ಸಾಧನಗಳಿಗೆ ಮೀಸಲು. ಟೆಲಿಟೈಪಿಗೆ ಒಂದು ಪುಟ, ಕಾಗದದ ಟೇಪ್ ಓದುವ ಯಂತ್ರಕ್ಕೆ ಒಂದು ಪುಟ. ಇವತ್ತಿಗೂ ಬಿಎಸ್‌ಡಿಗಳಲ್ಲಿ ಡ್ರೈವರಿನ ಪುಟ ಅಂದರೆ ನಾಲ್ಕನೇ ಭಾಗವೇ.

ಬರೆಯಲು ಕೂತರೆ ಬರೆಯುವವರಿಗೇ ಎಷ್ಟೋ ವಿಷಯ ಹೊಳೆಯುತ್ತದೆ. ಲಿನಕ್ಸ್‌ನ 'ಐಡಬ್ಲ್ಯುಎಲ್‌ವೈಫೈ' ಅನ್ನುವ ಇಂಟೆಲ್ ವೈಫೈ ಡ್ರೈವರಿನಲ್ಲಿ '11ಎನ್_ಡಿಸೇಬಲ್' ಅಂತ ಒಂದು ಪ್ಯಾರಾಮೀಟರ್ (ಹೊರಗಿನಿಂದ ಕೊಡುವ ಸೆಟ್ಟಿಂಗ್) ಇದೆ. 1 ಕೊಟ್ಟರೆ 11ಎನ್ (ವೈಫೈನ ಒಂದು ಮಾನದಂಡ) ಪೂರ್ತಿ ಬಂದ್. 2 ಕೊಟ್ಟರೆ ಕಳಿಸುವ ಕಡೆಯ ಅಗ್ರಿಗೇಶನ್ (ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸುವುದು) ಬಂದ್. 4 ಕೊಟ್ಟರೆ ಬರುವ ಕಡೆಯದು ಬಂದ್. 8 ಕೊಟ್ಟರೆ? ಕಳಿಸುವ ಕಡೆಯದು ಚಾಲೂ! ಹೆಸರು ಡಿಸೇಬಲ್, ಮಾಡೋದು ಎನೇಬಲ್. ಇದನ್ನು ಓದುಗರಿಗೆ ಅರ್ಥ ಮಾಡಿಸಲು ಒಂದು ಪುಟ ಬರೆಯಬೇಕಾಗಿ ಬಂದಿದ್ದರೆ ಬರೆದವರಿಗೇ ನಗು ಬಂದು ಹೆಸರು ಬದಲಿಸುತ್ತಿದ್ದರು.

ಸಮಯ ಇಲ್ಲ ಅಂತಾರೆ. ಡ್ರೈವರ್ ಬರೆಯಲು ಆರು ತಿಂಗಳು ಸಿಕ್ಕಿದವರಿಗೆ ನೂರು ಸಾಲಿನ ಪುಟ ಬರೆಯಲು ಅರ್ಧ ದಿನ ಸಿಗಲ್ಲ ಅಂದರೆ ನಾನು ನಂಬಲ್ಲ. ಅವರಿಗೆ ಉಳಿದ ಅರ್ಧ ದಿನದ ಬದಲಿಗೆ ಎಷ್ಟು ಜನ ಟೆರೇಸ್ ಹತ್ತಬೇಕು?

ವಿರೋಧ: ತಪ್ಪು ದಾರಿ ತೋರಿಸುವ ಪುಟ ಇಲ್ಲದಿದ್ದರೇ ವಾಸಿ

ಟೆರೇಸ್ ಹತ್ತಿದ ಕತೆ ಓದಿ ಅಯ್ಯೋ ಅನ್ನಿಸಿತು. ಆದರೆ ಅವರೇ ಒಪ್ಪಿಕೊಂಡಿದ್ದಾರೆ, ಆ ಡ್ರೈವರಿಗೆ ವಿವರ ಇತ್ತು. ಅವರು ಕೇಳುವ ನಿಯಮ ಇದ್ದಿದ್ದರೂ ಆ ವಿವರ ತೋರಿಸಿ ಅದು ಆರಾಮಾಗಿ ಪಾಸಾಗುತ್ತಿತ್ತು. ಕೊರತೆ ಇದ್ದದ್ದು ಅದನ್ನು ಸರ್ವರಿನವರೆಗೆ ತಲುಪಿಸುವುದರಲ್ಲಿ. ಅದು ಡಿಸ್ಟ್ರೋ, ಅಂದರೆ ಜನರಿಗೆ ಸಿಗುವ ಲಿನಕ್ಸ್ ಆವೃತ್ತಿಗಳನ್ನು, ಪ್ಯಾಕೇಜ್ ಮಾಡುವವರ ಕೆಲಸ. ಅದಕ್ಕೆ ಡ್ರೈವರ್ ಬರೆಯುವವರ ಕುತ್ತಿಗೆ ಯಾಕೆ ಹಿಡೀತೀರಿ?

ಬೆಂಗಳೂರಿನ ಚಿಪ್ ಕಂಪನಿಯೊಂದರಲ್ಲಿ ಡ್ರೈವರ್ ಬರೆಯುವುದು ನನ್ನ ಹೊಟ್ಟೆಪಾಡು. ಹೊರಗಿನವರು ಕಳಿಸುವ ಪ್ಯಾಚ್‌ಗಳನ್ನೂ (ಕೋಡಿನ ತಿದ್ದುಪಡಿಗಳನ್ನೂ) ನೋಡುತ್ತೇನೆ. ಅದರಲ್ಲಿ ಎಷ್ಟೋ ಪ್ಯಾಚ್ ಒಂದೇ ಸಾಲಿನವು. ಪಿಸಿಐ ಕಾರ್ಡ್ ತನ್ನ ಗುರುತನ್ನು ಎರಡು ಅಂಕಿಗಳಲ್ಲಿ ಹೇಳುತ್ತದೆ: ತಯಾರಕರದು ಒಂದು, ಸಾಧನದ್ದು ಒಂದು. (ಇಂಟೆಲ್‌ನ ಅಂಕಿ 8086. 1978ರ ಅದರ ಚಿಪ್ಪಿನ ಹೆಸರೇ. ಯಾರೋ ತಮಾಷೆ ಮನುಷ್ಯರು ಇಟ್ಟಿರಬೇಕು.) ಯಾರೋ ಕಾಲೇಜು ಹುಡುಗ ಹೊಸ ಲ್ಯಾಪ್‌ಟಾಪ್ ತಗೋತಾನೆ, ವೈಫೈ ಬರಲ್ಲ. ಆ ಅಂಕಿಯನ್ನು ಡ್ರೈವರಿನ ಪಟ್ಟಿಗೆ ಸೇರಿಸಿ ನೋಡುತ್ತಾನೆ, ಬರುತ್ತೆ. ಕಳಿಸುತ್ತಾನೆ. ಅವನಿಗೆ ನಾನು 'ತಮ್ಮಾ, ಮೊದಲು ಪುಟ ಬರೆದುಕೊಂಡು ಬಾ' ಅಂದರೆ ಅವನು ತಿರುಗಿ ಬರಲ್ಲ. ಅವನ ಮಷೀನಿನಲ್ಲಂತೂ ವೈಫೈ ಓಡುತ್ತಿದೆ. ನಷ್ಟ ಮಿಕ್ಕವರಿಗೆ.

ಎರಡನೆಯದು, ಪುಟ ಹಳಸುತ್ತದೆ. ಕೋಡ್ ತಪ್ಪಿದರೆ ಕಂಪೈಲರ್ ಕೂಗುತ್ತದೆ. ಪುಟ ತಪ್ಪಿದರೆ ಯಾರೂ ಕೂಗಲ್ಲ. ಒಂದು ಹಳೇ ಬೋರ್ಡಿನ ಜೊತೆ ಬಂದ ಕೈಪಿಡಿ ನಂಬಿ, ಅದರಲ್ಲಿ ಹೇಳಿದ ಪ್ಯಾರಾಮೀಟರ್ ಹಾಕಿ ನಾನು ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದೇನೆ. ಅಂಕಿ ಏರಿಸಿದೆ, ಇಳಿಸಿದೆ, ಪ್ರತಿ ಸಲ ರೀಬೂಟ್. ಒಂದು ಸಲ 'ಸ್ವಲ್ಪ ಪರವಾಗಿಲ್ಲ' ಅಂತ ಕೂಡ ಅನ್ನಿಸಿತು! ಸಂಜೆ ಟೀ ಕುಡಿಯುತ್ತಾ ಲಾಗ್ ಮೇಲಕ್ಕೆ ತಳ್ಳಿದರೆ ಒಂದು ಸಾಲು: 'ಅನ್‌ನೋನ್ ಪ್ಯಾರಾಮೀಟರ್, ಇಗ್ನೋರ್ಡ್'. ಆ ಪ್ಯಾರಾಮೀಟರ್ ಕೋಡಿನಿಂದ ಎಂದೋ ಹೋಗಿತ್ತು. ಕರ್ನಲ್ ಅದನ್ನು ಕಡೆಗಣಿಸಿ ಸುಮ್ನೆ ಡ್ರೈವರ್ ಲೋಡ್ ಮಾಡುತ್ತಿತ್ತು. ಪುಟವೇ ಇಲ್ಲದಿದ್ದರೆ ನೇರ ಸೋರ್ಸ್ ತೆಗೆಯುತ್ತಿದ್ದೆ, ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಓಪನ್‌ಬಿಎಸ್‌ಡಿಯಲ್ಲಿ ಪುಟಗಳು ತಾಜಾ ಇರುತ್ತವೆ, ಒಪ್ಪಿದೆ. ಅದು ಕೈಬೆರಳೆಣಿಕೆಯಲ್ಲದಿದ್ದರೂ ಚಿಕ್ಕ ಬಳಗ, ಒಂದೇ ಮನೆಯವರ ಹಾಗೆ. ಲಿನಕ್ಸ್ ಸಂತೆ. ಸಂತೆಯಲ್ಲಿ ಮನೆಯ ನಿಯಮ ನಡೆಯಲ್ಲ.

ನನ್ನ ಮುಖ್ಯ ತಕರಾರು ಬೇರೆಯೇ. ಪುಟ ಓದಿ ತಿರುಗಿಸಬೇಕಾದ ಗುಂಡಿ, ಅಂದರೆ ಪ್ಯಾರಾಮೀಟರಿನಂಥ ಸೆಟ್ಟಿಂಗ್, ಇರುವುದೇ ಸೋಲು. 90ರ ದಶಕದಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡ್ ಹಾಕಿದವರನ್ನು ಕೇಳಿ: ವಿಳಾಸ 220, ಐಆರ್‌ಕ್ಯೂ (ಇಂಟರಪ್ಟ್ ಸಂಖ್ಯೆ) 5, ಡಿಎಂಎ (ಮೆಮೊರಿಗೆ ನೇರ ದಾರಿ) 1. ಮಂತ್ರದ ಹಾಗೆ ಬಾಯಿಪಾಠ. ಪಕ್ಕದ ಕಾರ್ಡ್ ಅದೇ ಐಆರ್‌ಕ್ಯೂ ಹಿಡಿದಿದ್ದರೆ ಜಂಪರ್ (ಕಾರ್ಡಿನ ಮೇಲಿನ ಪುಟ್ಟ ಪಿನ್ ಕೊಂಡಿ) ಕೀಳಬೇಕು. ಆಗ ಪುಟ ಬೇಕಿತ್ತು, ಖಂಡಿತ. ಆಮೇಲೆ ಪಿಸಿಐ ಬಂತು. ಕಾರ್ಡ್ ತಾನೇ ಹೆಸರು ಹೇಳಿತು, ತನಗೆ ಬೇಕಾದದ್ದು ಕೇಳಿತು. ಆ ಪುಟಗಳೆಲ್ಲ ಯಾರಿಗೂ ಬೇಡವಾದವು.

ಟೆರೇಸಿನ ಗೆಳೆಯರಿಗೆ ಕಾಟ ಕೊಟ್ಟ ಪ್ಯಾರಾಮೀಟರ್ ಕೂಡ ಹಳೇ ಪದ್ಧತಿಯದು. ಈಗ ನೆಟ್‌ವರ್ಕ್ ಡ್ರೈವರಿಗೆ ಹೊಸ ಮಾಡ್ಯೂಲ್ ಪ್ಯಾರಾಮೀಟರ್ ತಂದರೆ ಆ ವಿಭಾಗದ ಹಿರಿಯರು ಮುಖ ಸಿಂಡರಿಸುತ್ತಾರೆ. ನೆಟ್‌ವರ್ಕ್ ಕಾರ್ಡ್ ಹೊಂದಿಸುವ 'ಈಥ್‌ಟೂಲ್' ಆಜ್ಞೆ ಇದೆಯಲ್ಲ, ಅದರಲ್ಲಿ ಮಾಡಿ ಅಂತಾರೆ. ಇಂಟರಪ್ಟ್ ಎಷ್ಟು ತಡೆದು ಕೊಡಬೇಕು ಅನ್ನುವುದಕ್ಕೆ 'ಈಥ್‌ಟೂಲ್ -ಸಿ', ದೊಡ್ಡ ಸಿ. ಅಳತೆ ಮೈಕ್ರೋಸೆಕೆಂಡಿನಲ್ಲಿ. ಯಾವ ಕಂಪನಿಯ ಕಾರ್ಡಾದರೂ ಆಜ್ಞೆ ಅದೇ. ಈಥ್‌ಟೂಲ್‌ಗೆ ಒಳ್ಳೆಯ ಮ್ಯಾನ್ ಪೇಜ್ ಇದೆ, ಒಂದೇ ಒಂದು. ನೂರು ಡ್ರೈವರಿಗೆ ನೂರು ಪುಟ ಬರೆಸುವುದಕ್ಕಿಂತ ಇದು ಮೇಲಲ್ವಾ?

ದಾಖಲೆಯೇ ಬೇಡ ಅನ್ನುವವನಲ್ಲ ನಾನು. ಯಂತ್ರ ಪರೀಕ್ಷಿಸಬಲ್ಲ ದಾಖಲೆ ಕೊಡಿ, ಕಾಲಿಗೆ ಬೀಳುತ್ತೇನೆ. ಎಆರ್‌ಎಂ ಬೋರ್ಡ್‌ಗಳ (ಎಆರ್‌ಎಂ ಪ್ರೊಸೆಸರ್ ಇರುವ ಸರ್ಕ್ಯೂಟ್ ಬೋರ್ಡ್‌ಗಳ) ಕತೆ ನೋಡಿ. ಅಲ್ಲಿ ಪಿಸಿಐ ತರಹ ತಾನೇ ಹೆಸರು ಹೇಳುವ ಸಾಧನಗಳು ಕಡಿಮೆ. ಹಾಗಾಗಿ ಒಂದೊಂದು ಬೋರ್ಡಿಗೂ ಸಿ ಭಾಷೆಯ ಒಂದೊಂದು ಫೈಲು. ಕರ್ನಲ್ ತುಂಬ ಅದೇ ಆಗಿ, 2011ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸ್ ರೇಗಿದರು. ಆಮೇಲೆ ಎಆರ್‌ಎಂ ಡಿವೈಸ್ ಟ್ರೀ ಕಡೆ, ಅಂದರೆ ಬೋರ್ಡಿನಲ್ಲಿ ಏನೇನಿದೆ ಅಂತ ಬರೆದಿಡುವ ಫೈಲಿನ ಕಡೆ, ತಿರುಗಿತು. ಎಲ್‌ಎಂ75 ಅಂತ ಒಂದು ಪುಟಾಣಿ ಟೆಂಪರೇಚರ್ ಸೆನ್ಸರ್ ಇದೆ. ಅದು ಬೋರ್ಡಿನಲ್ಲಿದ್ದರೆ ಡಿವೈಸ್ ಟ್ರೀಯಲ್ಲಿ ಮೂರ್ನಾಲ್ಕು ಸಾಲು: ಇದು ಇಂಥ ಚಿಪ್, ಐ2ಸಿ (ಚಿಪ್‌ಗಳನ್ನು ಜೋಡಿಸುವ ತಂತಿ ವ್ಯವಸ್ಥೆ) ವಿಳಾಸ ಹೆಕ್ಸ್‌ನಲ್ಲಿ 48, ಇಂಟರಪ್ಟ್ ಇಂಥ ಪಿನ್ನಿಗೆ. ಏನೇನು ಬರೆಯಬಹುದು, ಯಾವುದು ಬರೆಯಲೇಬೇಕು ಅನ್ನುವುದು ಯಾಮೆಲ್ ರೂಪದ (ಯಂತ್ರ ಓದಬಲ್ಲ ಸರಳ ಪಠ್ಯದ) ಬೈಂಡಿಂಗ್ ಫೈಲಿನಲ್ಲಿದೆ. 'ಇಂಟರಪ್ಟ್ಸ್' ಅನ್ನುವಲ್ಲಿ ಒಂದಕ್ಷರ ತಪ್ಪಿದರೂ ಪರೀಕ್ಷೆ ಓಡಿಸಿದಾಗ ಸಿಕ್ಕಿಬೀಳುತ್ತದೆ. ಮನುಷ್ಯರೂ ಓದಬಹುದು, ಯಂತ್ರವೂ ಓದುತ್ತದೆ. ದಾಖಲೆಯಲ್ಲಿಲ್ಲದ ಸಾಧನದ ಹೆಸರನ್ನು ಡ್ರೈವರಿನಲ್ಲಿ ಬಳಸಿದರೆ 'ಚೆಕ್‌ಪ್ಯಾಚ್' ಅನ್ನುವ ಸ್ಕ್ರಿಪ್ಟೇ ಎಚ್ಚರಿಸುತ್ತದೆ. ಅಂದರೆ ಬೇಕಾದ ಕಡೆ ಲಿನಕ್ಸ್‌ನಲ್ಲೂ ಬಿಗಿ ಇದೆ. ಕೆ-ಕಾನ್ಫಿಗ್ ವಿಷಯದಲ್ಲೂ ಅಷ್ಟೇ: ಸಹಾಯದ ಪ್ಯಾರಾ ತೀರಾ ಗಿಡ್ಡ ಇದ್ದರೆ ಅದೇ ಸ್ಕ್ರಿಪ್ಟ್ ಗೊಣಗುತ್ತದೆ. (ಗೊಣಗಿದ್ದಕ್ಕೆ ನಾವು ಏನು ತುಂಬಿಸುತ್ತೇವೆ? 'ಈ ಚಿಪ್ ಇದ್ದರೆ ವೈ ಒತ್ತಿ, ಮಾಡ್ಯೂಲ್ ಬೇಕಾದರೆ ಎಂ ಒತ್ತಿ, ಗೊತ್ತಿಲ್ಲದಿದ್ದರೆ ಎನ್ ಒತ್ತಿ.' ಕಡ್ಡಾಯ ಮಾಡಿದರೆ ಪುಟಗಳೂ ಹೀಗೇ ಇರುತ್ತವೆ, ನೋಡ್ತಾ ಇರಿ.)

ಕೊನೆಗೆ ಒಂದು ಒಳಗಿನ ಮಾತು. ಎಷ್ಟೋ ಸಲ ಬರೆಯುವವರಿಗೇ ಗೊತ್ತಿರಲ್ಲ. ಡೇಟಾಶೀಟ್ (ಚಿಪ್ಪಿನ ತಾಂತ್ರಿಕ ವಿವರ) ಗುಟ್ಟಿನ ಒಪ್ಪಂದದ ಕೆಳಗೆ ಇರುತ್ತದೆ, ಇಲ್ಲಾ ಇರುವುದೇ ಇಲ್ಲ. ಈ ರಿಜಿಸ್ಟರಿಗೆ ಈ ಅಂಕಿ ಬರೆದರೆ ಲಿಂಕ್ ಬರುತ್ತದೆ, ಬರೆಯದಿದ್ದರೆ ಇಲ್ಲ. ಯಾಕೆ? ದೇವರೇ ಬಲ್ಲ. ಪುಟದಲ್ಲಿ ಏನು ಬರೆಯೋಣ? ಕಾಗದ ಕೊಡದಿದ್ದರೆ ಡ್ರೈವರೇ ಬೇಡ ಅನ್ನುವ ಹಠವನ್ನೂ ಓಪನ್‌ಬಿಎಸ್‌ಡಿ ಮಾಡಿದೆ. 2005ರಲ್ಲಿ ಅಡಾಪ್ಟೆಕ್ ಕಂಪನಿ ದಾಖಲೆ ಕೊಡಲಿಲ್ಲ ಅಂತ ಅದರ ರೇಡ್ (ಹಲವು ಡಿಸ್ಕ್ ಒಟ್ಟಿಗೆ ನಡೆಸುವ) ಕಾರ್ಡಿನ 'ಎಎಸಿ' ಡ್ರೈವರನ್ನು ತನ್ನ ಸಾಮಾನ್ಯ ಕರ್ನಲ್‌ನಿಂದ ತೆಗೆಯಿತು. ಗಟ್ಟಿ ನಿಲುವು, ಮೆಚ್ಚಲೇಬೇಕು. ಆದರೆ ಆಗಲೇ ಆ ಕಾರ್ಡಿಗೆ ದುಡ್ಡು ಸುರಿದು ಕೂತಿದ್ದವರ ಪಾಡು?

ಹೊಸ ಪ್ಯಾರಾಮೀಟರ್ ತರುವವರಿಗೆ ಮಾತ್ರ ಪುಟ ಬರೆಸಿ ಅಂದರೆ ನಾನೂ ಕೈ ಎತ್ತುತ್ತೇನೆ. ಇನ್ನು 8 ಕೊಟ್ಟರೆ ಚಾಲೂ ಆಗುವ ಆ 'ಡಿಸೇಬಲ್' ಬಗ್ಗೆ ನನ್ನ ಹತ್ತಿರ ಉತ್ತರ ಇಲ್ಲ.